ಅಂಜೂರದ ಉಂಡೆ ಮತ್ತು ಮಂಡಿಯ ಗಾಯ

ಯೌವನಸ್ಥರ ಕೂಟದ ಪಾಠ
ವಾಕ್ಯಭಾಗ: 2 ಅರಸುಗಳು 20:1-7, ಲೂಕ 10:30-35

2 ಅರಸುಗಳು 20ನೇ ಅಧ್ಯಾಯ ತೆಗೆಯಿರಿ. ಮೊಬೈಲಲ್ಲಿ ಓದುವವರು ಓದಬಹುದು, ಆದ್ರೆ ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಹಿಜ್ಕೀಯ ಅರಸನ ಕಥೆ ಸಂಡೇ ಸ್ಕೂಲಿನಿಂದಲೇ ನಿಮಗೆ ಗೊತ್ತು. ಸಾಯುವಷ್ಟು ಕಾಯಿಲೆ. ಪ್ರವಾದಿ ಯೆಶಾಯ ಬಂದು ನೀನು ಬದುಕುವುದಿಲ್ಲ ಎಂದು ಹೇಳಿ ಹೊರಡುತ್ತಾನೆ. ಅರಸ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಾನೆ, ಪ್ರಾರ್ಥಿಸುತ್ತಾನೆ. ಯೆಶಾಯ ಅರಮನೆಯ ಅಂಗಳ ದಾಟುವ ಮೊದಲೇ ದೇವರು ಅವನನ್ನು ವಾಪಸ್ ಕಳಿಸುತ್ತಾನೆ. ಕಣ್ಣೀರು ನೋಡಿದ್ದೇನೆ, ಗುಣಮಾಡುತ್ತೇನೆ, ಆಯುಸ್ಸಿಗೆ 15 ವರ್ಷ ಸೇರಿಸುತ್ತೇನೆ ಅಂತ ಮಾತು ಕೊಡುತ್ತಾನೆ. ಸಾಮಾನ್ಯವಾಗಿ ನಾವು ಇಲ್ಲಿಗೆ ಹಲ್ಲೆಲೂಯ ಹೇಳಿ ಮುಂದೆ ಹೋಗ್ತೀವಿ. ಆ 15 ವರ್ಷದ ಮೇಲೆ ನಾನೇ ಎಷ್ಟು ಸಲ ಪ್ರಸಂಗ ಕೇಳಿದ್ದೀನೋ ಲೆಕ್ಕ ಇಲ್ಲ.

ಇವತ್ತು ಅದರ ಪಕ್ಕದಲ್ಲಿರುವ ಎರಡು ಸಣ್ಣ ಸಂಗತಿ ನೋಡೋಣ. 5ನೇ ವಚನದಲ್ಲಿ, ನೀನು ಮೂರನೆಯ ದಿನ ಆಲಯಕ್ಕೆ ಹೋಗುವಿ ಎಂದು ದೇವರು ಹೇಳುತ್ತಾನೆ. ಗುಣಮಾಡುವ ಮಾತು ಇವತ್ತು ಬಂತು, ಎದ್ದು ನಡೆಯುವ ದಿನ ಮೂರನೆಯದು. 7ನೇ ವಚನದಲ್ಲಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸುತ್ತಾನೆ. ಅಂಜೂರ ಹಳೇ ಕಾಲದ ಮದ್ದು. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಕೂಡ ಅಂಜೂರವನ್ನು ಹುಣ್ಣಿಗೆ ಬಳಸುವುದರ ಬಗ್ಗೆ ಬರೆದಿದ್ದಾನೆ. ದೇವರ ವಾಗ್ದಾನ ತಂದ ಅದೇ ಪ್ರವಾದಿ, ಅದೇ ಬಾಯಿಂದ, ಮದ್ದನ್ನೂ ಹೇಳುತ್ತಾನೆ. ದೇವರು ಮಾತು ಕೊಟ್ಟಾಯ್ತಲ್ಲ, ಇನ್ನು ಅಂಜೂರ ಯಾಕೆ ಅಂತ ಅರಮನೆಯಲ್ಲಿ ಯಾರೂ ಕೇಳಿದ ಹಾಗೆ ಕಾಣೋದಿಲ್ಲ.

ನಮ್ಮಲ್ಲಿ ಕೇಳ್ತಾರೆ. ಅದಕ್ಕೇ ಈ ಪಾಠ.

ಮಳೆ ಸ್ವಲ್ಪ ಬಿಡುವು ಕೊಟ್ಟ ತಕ್ಷಣ ನಮ್ಮ ಕೂಟದ ಅರ್ಧ ಜನ ಸೈಕಲ್ ಹತ್ತುತ್ತೀರಿ. ಬೆಂಗಳೂರಲ್ಲಿ ಕೆಲಸ ಮಾಡೋರು ಶುಕ್ರವಾರ ರಾತ್ರಿ ಬಸ್ ಹತ್ತಿ ಊರಿಗೆ ಬಂದು, ಶನಿವಾರ ಬೆಳಿಗ್ಗೆ ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ ಅಂತ ಹೊರಡ್ತೀರಿ. ಫೋಟೋ ಎಲ್ಲಾ ಚೆನ್ನಾಗಿರುತ್ತೆ. ಭಾನುವಾರ ಆರಾಧನೆಗೆ ಬಂದಾಗ ಯಾರದಾದರೂ ಮಂಡಿಗೋ ಮೊಣಕೈಗೋ ಪಟ್ಟಿ ಇರುತ್ತೆ. ಆಗುಂಬೆ ಇರೋದು ತೀರ್ಥಹಳ್ಳಿ ತಾಲ್ಲೂಕಿನಲ್ಲೇ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತೆ. ಆ ಸೀಮೆಯ ರಸ್ತೆಯಂಚಿನಲ್ಲಿ, ಮೋರಿಗಳ ಮೇಲೆ, ಮರದ ನೆರಳು ಬೀಳುವ ತಿರುವುಗಳಲ್ಲಿ ಮಳೆ ನಿಂತ ಮೇಲೂ ಬಹಳ ದಿನ ಪಾಚಿ ಇರುತ್ತೆ. ತೆಳು ಟಯರಿನ ಸೈಕಲ್ ಅದರ ಮೇಲೆ ನಿಲ್ಲೋದಿಲ್ಲ.

ಒಬ್ಬ ತಮ್ಮನ ವಿಷಯ ಹೇಳ್ತೀನಿ. ಅವನ ಒಪ್ಪಿಗೆ ಪಡೆದೇ ಹೇಳ್ತಿದ್ದೀನಿ, ಹೆಸರು ಬೇಡ. ಹೊಸನಗರದ ಹತ್ತಿರ ಇಳಿಜಾರಿನಲ್ಲಿ ಜಲ್ಲಿ ಮೇಲೆ ಜಾರಿ ಬಿದ್ದ. ಬೀಳುವಾಗ ಎಲ್ಲರೂ ಮಾಡುವ ಹಾಗೆ ಕೈ ಚಾಚಿ ನೆಲಕ್ಕೆ ಊರಿದ. ಮಂಡಿ ತರಚಿತು, ಅಂಗೈ ತರಚಿತು, ಮಣಿಕಟ್ಟು ಸ್ವಲ್ಪ ಊದಿಕೊಂಡಿತು. ಭಾನುವಾರ ಗೆಳೆಯರು ಸೇರಿ ಕೈ ಇಟ್ಟು ಪ್ರಾರ್ಥನೆ ಮಾಡಿದರು. ಪ್ರಾರ್ಥನೆ ಆಗುವಾಗ ನೋವು ನಿಜವಾಗಿಯೂ ಕಡಿಮೆ ಆಯ್ತು ಅಂತಾನೆ. ಅದನ್ನು ನಾನು ನಂಬ್ತೀನಿ. ಅಲ್ಲೇ ಎದ್ದು ನಿಂತು ಸಂಪೂರ್ಣ ಸ್ವಸ್ಥತೆ ಅಂತ ಸಾಕ್ಷಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೋಮವಾರ ಲ್ಯಾಪ್‌ಟಾಪ್ ಎತ್ತುವಾಗ ನೋವು ಮತ್ತೆ ಬಂತು. ಯಾರಿಗೂ ಹೇಳಲಿಲ್ಲ. ಸಾಕ್ಷಿ ಹೇಳಿ ಆಗಿದೆಯಲ್ಲ, ಈಗ ನೋವು ಅಂದರೆ ದೇವರ ಹೆಸರಿಗೆ ಅವಮಾನ ಅಂತ ಅವನ ಲೆಕ್ಕ. ಮೂರು ವಾರ ಹಾಗೇ ತಳ್ಳಿದ. ಕೊನೆಗೆ ಬಾಗಿಲ ಹಿಡಿ ತಿರುಗಿಸಲಿಕ್ಕೂ ಆಗದೇ ಹೋದಾಗ ಎಕ್ಸ್‌ರೇ ತೆಗೆಸಿದ. ಹೆಬ್ಬೆರಳಿನ ಬುಡದ ಸಣ್ಣ ಮೂಳೆ ಬಿರುಕು ಬಿಟ್ಟಿತ್ತು.

ಆ ಮೂಳೆಯ ಹೆಸರು ಸ್ಕ್ಯಾಫಾಯ್ಡ್. ಕೈ ಊರಿ ಬಿದ್ದವರಲ್ಲಿ ಮುರಿಯುವ ಮೂಳೆಗಳಲ್ಲಿ ಅದೊಂದು. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿದರೆ ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಗುಳಿ ಬೀಳುತ್ತೆ ನೋಡಿ, ಅಲ್ಲಿ ಒತ್ತಿದರೆ ನೋವಾದರೆ ಅನುಮಾನ ಪಡಬೇಕು. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಅದಕ್ಕೇ ಡಾಕ್ಟರು 10-14 ದಿನ ಬಿಟ್ಟು ಮತ್ತೆ ಬನ್ನಿ ಅಂತಾರೆ. ಆ ಮೂಳೆಗೆ ರಕ್ತ ಹೋಗುವ ದಾರಿ ಕಿರಿದು, ತಡಮಾಡಿದರೆ ಕೂಡಿಕೊಳ್ಳದೇ ಉಳಿಯುವ ಅಪಾಯ ಇದೆ. ಈ ತಮ್ಮನಿಗೆ ಪ್ಲಾಸ್ಟರ್ ಹಾಕಿದರು, ಕೂಡಿತು. ಆದರೆ ಅವನು ನನಗೆ ಫೋನ್ ಮಾಡಿದಾಗ ಕೈಯ ಬಗ್ಗೆ ಕೇಳಲೇ ಇಲ್ಲ. "ಅಣ್ಣ, ನಾನು ಸುಳ್ಳು ಸಾಕ್ಷಿ ಹೇಳಿದ ಹಾಗಾಯ್ತಾ?" ಅಂತ ಕೇಳಿದ.

ಈ ಪ್ರಶ್ನೆಗೆ ಆಮೇಲೆ ಬರ್ತೀನಿ. ಮೊದಲು ಲೂಕ 10ಕ್ಕೆ ಹೋಗೋಣ.

ಒಳ್ಳೆಯ ಸಮಾರ್ಯದವನ ಸಾಮ್ಯ. ಯೆರಿಕೋ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನ ಹತ್ತಿರ ಅವನು ಬಂದ, ಕನಿಕರಪಟ್ಟ. ಅಲ್ಲಿಗೆ ನಿಲ್ಲಲಿಲ್ಲ. ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ, ಕಟ್ಟು ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರಕ್ಕೆ ಕರೆದುಕೊಂಡು ಹೋದ, ರಾತ್ರಿ ಆರೈಕೆ ಮಾಡಿದ, ಮರುದಿನ ದುಡ್ಡು ಕೊಟ್ಟು ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಗಾಯಗಳು ಎಂಬುದಕ್ಕೆ ಲೂಕನು ಬಳಸಿದ ಗ್ರೀಕ್ ಪದ 'ಟ್ರೌಮ'. ಇವತ್ತು ಆಸ್ಪತ್ರೆಗಳಲ್ಲಿ ಟ್ರಾಮಾ ಕೇರ್ ಅಂತ ಬೋರ್ಡ್ ಇರುತ್ತಲ್ಲ, ಅದೇ ಪದ. ಹೊಸ ಒಡಂಬಡಿಕೆಯಲ್ಲಿ ಆ ಪದ ಬರೋದು ಈ ಒಂದೇ ಕಡೆ. ಬರೆದವನು ವೈದ್ಯ (ಕೊಲೊಸ್ಸೆ 4:14), ಆಶ್ಚರ್ಯ ಇಲ್ಲ. ಇನ್ನೊಂದು ಗಮನಿಸಿ: ಸಮಾರ್ಯದವನು ಮರುದಿನ ಹೊರಟ, ಗಾಯಗೊಂಡವನು ಛತ್ರದಲ್ಲೇ ಉಳಿದ. ಅವನಿಗೆ ಇನ್ನೂ ದಿನಗಳು ಬೇಕಾಗಿದ್ದವು, ಆ ದಿನಗಳ ಖರ್ಚನ್ನೂ ಸಮಾರ್ಯದವನು ವಹಿಸಿಕೊಂಡ.

ನನಗೆ ಈ ಭಾಗ ಸ್ವಲ್ಪ ಹತ್ತಿರದ್ದು. ಹೋದ ಸೆಪ್ಟೆಂಬರಿನಲ್ಲಿ ತೀರ್ಥಹಳ್ಳಿ ಕಡೆ ಒಂದು ಮನೆ ಪ್ರಾರ್ಥನೆಗೆ ಸೈಕಲ್ಲಲ್ಲೇ ಹೋಗ್ತಿದ್ದೆ. ನಿಧಾನವಾಗಿಯೇ ಇದ್ದೆ, ಮೋರಿಯ ಮೇಲಿನ ಪಾಚಿಗೆ ಮುಂದಿನ ಚಕ್ರ ಜಾರಿತು. ಎಡ ಮಂಡಿ, ಮೊಣಕೈ, ಅಂಗೈ. ಪಕ್ಕದ ಮನೆಯ ಅಮ್ಮ ಅಡಿಕೆ ಅಂಗಳದಿಂದ ಓಡಿ ಬಂದರು. "ಅಯ್ಯೋ ಮಾರಾಯ್ರೇ, ರಕ್ತ ಬರ್ತಾ ಉಂಟಲ್ಲ, ಬನ್ನಿ ಒಳಗೆ" ಅಂತ ಕರೆದುಕೊಂಡು ಹೋಗಿ ಜಗಲಿ ಮೇಲೆ ಕೂರಿಸಿದರು. ಒಂದು ಕೈಯಲ್ಲಿ ಕಾಫಿಪುಡಿ ಡಬ್ಬಿ. ಮಲೆನಾಡಿನ ಮನೆಗಳಲ್ಲಿ ರಕ್ತ ನಿಲ್ಲಿಸೋಕೆ ಅದೇ ಮೊದಲ ಮದ್ದು, ನಿಮಗೂ ಗೊತ್ತು. "ಅಮ್ಮಾ, ಪುಡಿ ಬೇಡ, ನೀರು ಹಾಕಿ ಸಾಕು" ಅಂದೆ. ಚೊಂಬಿನಲ್ಲಿ ನೀರು ಸುರಿದರು, ಮತ್ತೆ ತುಂಬಿಕೊಂಡು ಬಂದರು, ಮತ್ತೆ ಸುರಿದರು. ಎಷ್ಟು ಚೊಂಬು ಆಯ್ತೋ. ಕೆಂಪು ಮಣ್ಣು ಹೋಗುವ ತನಕ ಬಿಡಲಿಲ್ಲ. ನಾನು ಯಾರು, ಯಾವ ದೇವರನ್ನು ಆರಾಧಿಸ್ತೀನಿ ಅಂತ ಕೇಳಲಿಲ್ಲ. ಕಾಫಿ ಮಾತ್ರ ಕುಡಿಯಲೇಬೇಕು ಅಂದರು, ಕುಡಿದೆ.

ಈಗ ನೀರಿನ ವಿಷಯ. ನಾನು ಡಾಕ್ಟರ್ ಅಲ್ಲ, ಬೈಬಲ್ ಕಾಲೇಜಿನ ಡಿಪ್ಲೊಮಾದಲ್ಲಿ ಪ್ರಥಮ ಚಿಕಿತ್ಸೆಯ ಪೇಪರ್ ಇರಲಿಲ್ಲ. ಮುಂದೆ ಹೇಳೋದು ನಮ್ಮ ಸಭೆಯಲ್ಲಿರುವ ನರ್ಸ್ ಅಕ್ಕನ ಹತ್ತಿರ ಕೂತು ಕೇಳಿ ಬರೆದುಕೊಂಡದ್ದು, ಆಮೇಲೆ ಓದಿ ನೋಡಿದ್ದು.

ತರಚು ಗಾಯಕ್ಕೆ ಮೊದಲ ಮದ್ದು ಧಾರಾಳ ನೀರು. ಕುಡಿಯುವ ನೀರು ಯಾವುದಾದರೂ ಸರಿ, ಐದು-ಹತ್ತು ನಿಮಿಷ ಸುರಿಯಬೇಕು. ಸುತ್ತಲಿನ ಚರ್ಮಕ್ಕೆ ಸೋಪು. ಮಣ್ಣಿನ ಕಣ, ಜಲ್ಲಿಪುಡಿ ಒಳಗೇ ಉಳಿದರೆ ಕೀವಾಗುತ್ತೆ, ಗುಣವಾದ ಮೇಲೂ ಚರ್ಮದಡಿಯಲ್ಲಿ ಕಪ್ಪು ಗುರುತು ಉಳಿಯುತ್ತೆ. ಕಾಫಿಪುಡಿ, ಅರಿಶಿನ, ಸುಣ್ಣ ಹಾಕಿದರೆ ಅದನ್ನೂ ಆಮೇಲೆ ತೊಳೆದು ತೆಗೆಯಬೇಕಾಗುತ್ತೆ. ರಕ್ತ ನಿಲ್ಲಬೇಕಾದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ಇಣುಕಬೇಡಿ.

ಆಮೇಲೆ ಮುಚ್ಚಬೇಕಾ, ಗಾಳಿಗೆ ಬಿಡಬೇಕಾ? ನಮ್ಮ ಮನೆಗಳಲ್ಲೆಲ್ಲ ಗಾಳಿಗೆ ಬಿಡು, ಒಣಗಲಿ ಅಂತಲೇ ಹೇಳಿದ್ದು. ಜಾರ್ಜ್ ವಿಂಟರ್ ಅನ್ನುವ ಸಂಶೋಧಕ 1962ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಹಂದಿಗಳ ಚರ್ಮದ ಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದ್ದ. ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆದಿತ್ತು. ಗಟ್ಟಿ ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರ ಅಡಿಯಲ್ಲಿ ತೇವ ಹುಡುಕಿಕೊಂಡು ಹೋಗಬೇಕು, ತೇವ ಇದ್ದರೆ ನೇರ ಹರಡಿಕೊಳ್ಳುತ್ತವೆ. ಅದಕ್ಕೇ ತೊಳೆದ ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ, ಅಂಟದ ಪಟ್ಟಿ ಹಾಕಿ, ದಿನಕ್ಕೊಮ್ಮೆ ಬದಲಾಯಿಸಿ. ಗಾಯಕ್ಕೆ ಎಣ್ಣೆ ಹಚ್ಚಿ ಮೃದುಮಾಡಿ ಕಟ್ಟುವ ಮಾತು ಯೆಶಾಯ 1:6ರಲ್ಲಿ ಬರುತ್ತೆ ಅಂತ ಅಕ್ಕನಿಗೆ ತೋರಿಸಿದೆ. ಅವರು ನಕ್ಕು, "ಹಾಗಂತ ಅಡುಗೆ ಎಣ್ಣೆ ಸುರಿಯೋಕೆ ಹೇಳಬೇಡಿ ಪಾಸ್ಟರ್" ಅಂದರು.

ಧನುರ್ವಾಯುವಿನ ಇಂಜೆಕ್ಷನ್ ಮರೆಯಬೇಡಿ. ಹಿಂದೆ ಟಿಟಿ ಅಂತಿದ್ದರು. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ 2019ರಿಂದ ಅದರ ಜಾಗಕ್ಕೆ ಟಿಡಿ ಬಂದಿದೆ, ಗಂಟಲಮಾರಿಗೂ ರಕ್ಷಣೆ ಕೊಡುತ್ತೆ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುತ್ತಾರೆ. ನಿಮ್ಮಲ್ಲಿ ಹೆಚ್ಚಿನವರು 16 ದಾಟಿ ಬಹಳ ವರ್ಷ ಆಯ್ತು, ಕೊನೇ ಇಂಜೆಕ್ಷನ್ ಯಾವಾಗ ಅಂತ ಅಮ್ಮನನ್ನು ಕೇಳಿ. ಮಣ್ಣು ಸೇರಿದ ಗಾಯವಾದರೆ, ಹಿಂದಿನದು ತಗೊಂಡು 5 ವರ್ಷ ದಾಟಿದ್ದರೆ ಮತ್ತೆ ತಗೋಬೇಕು.

ನಮ್ಮ ಸೀಮೆಯ ಇನ್ನೊಂದು ವಿಷಯ. ಗದ್ದೆಬದಿ, ಕಾಲುವೆ, ನಿಂತ ನೀರಿಗೆ ಬಿದ್ದರೆ, ತರಚಿದ ಚರ್ಮದ ಮೂಲಕ ಇಲಿಜ್ವರದ ರೋಗಾಣು ಒಳಗೆ ಹೋಗಬಹುದು. ಜ್ವರ ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು ಬರುತ್ತೆ, ಅಷ್ಟರಲ್ಲಿ ಗಾಯ ಒಣಗಿರುತ್ತೆ, ನೀವು ಬೆಂಗಳೂರಿಗೆ ವಾಪಸ್ ಹೋಗಿರ್ತೀರಿ, ಬಿದ್ದದ್ದೇ ಮರೆತಿರುತ್ತೆ. ಜ್ವರ, ಮೈಕೈ ನೋವು, ಕಣ್ಣು ಕೆಂಪು ಆದರೆ ಅಲ್ಲಿನ ಡಾಕ್ಟರಿಗೆ ಮಲೆನಾಡಿನಲ್ಲಿ ಗದ್ದೆ ನೀರಿಗೆ ಬಿದ್ದಿದ್ದೆ ಅಂತ ನೀವೇ ಹೇಳಬೇಕು.

ಸಣ್ಣ ಪೆಟ್ಟು ಅಂತ ನಾವಂದುಕೊಂಡಿದ್ದು ಸಣ್ಣದಾಗಿರದ ಸಂದರ್ಭಗಳೂ ಇವೆ. ತಲೆಗೆ ಪೆಟ್ಟು ಬಿದ್ದಿದ್ದರೆ ಮೊದಲ ಒಂದೆರಡು ದಿನ ಒಬ್ಬರೇ ಇರಬೇಡಿ. ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತಡವರಿಸುವ ಮಾತು, ಎಬ್ಬಿಸಲಿಕ್ಕಾಗದ ನಿದ್ದೆ, ಒಂದು ಕೈ ಅಥವಾ ಕಾಲಿನಲ್ಲಿ ಬಲ ಇಲ್ಲದಿರುವುದು, ಇದರಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದ್ದರೆ, ಮುಖ್ಯವಾಗಿ ಮಕ್ಕಳಿಗೆ, ಹೊರಗೆ ಬರೀ ಒಂದು ಗುಂಡನೆಯ ಗುರುತು ಇದ್ದರೂ ಒಳಗೆ ಪೆಟ್ಟಾಗಿರಬಹುದು. ಆಗ ಪಕ್ಕದಲ್ಲಿರುವವರು ಪ್ರಾರ್ಥಿಸುತ್ತಲೇ ಆಸ್ಪತ್ರೆಯ ದಾರಿ ಹಿಡಿಯಬೇಕು. ಗಾಡಿಯಲ್ಲಿ ಕೂತು ಪ್ರಾರ್ಥಿಸಿದರೂ ದೇವರಿಗೆ ಕೇಳಿಸುತ್ತೆ.

ನನ್ನ ವಿಷಯಕ್ಕೆ ಬಂದರೆ, ಆ ಭಾನುವಾರ ಮಂಡಿಗೆ ಪಟ್ಟಿ ಹಾಕಿಕೊಂಡೇ ಪ್ರಸಂಗಪೀಠ ಹತ್ತಿದೆ. ಒಬ್ಬ ಹಿರಿಯ ತಾಯಿ ಪ್ರೀತಿಯಿಂದಲೇ ಕೇಳಿದರು, "ಏನ್ ಪಾಸ್ಟರೇ, ನಮಗೆಲ್ಲ ಪ್ರಾರ್ಥನೆ ಮಾಡ್ತೀರಿ, ನಿಮಗೇ ಬ್ಯಾಂಡೇಜ್?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆಯ ಹಿಂದೆ ಒಂದು ಇತಿಹಾಸ ಇದೆ. ನಮ್ಮ ಪೆಂತೆಕೊಸ್ತ ಚಳವಳಿಯ ಮೊದಲ ದಿನಗಳಲ್ಲಿ, 1906ರ ಅಜುಸಾ ಬೀದಿಯ ಉಜ್ಜೀವನದ ಆಸುಪಾಸಿನಲ್ಲಿ, ಔಷಧಿ ಮುಟ್ಟುವುದೇ ಅವಿಶ್ವಾಸ ಅಂತ ನಂಬಿದವರು ಬಹಳ ಇದ್ದರು. ಆಫ್ರಿಕಕ್ಕೆ ಹೋದ ಮಿಷನರಿಗಳಲ್ಲಿ ಕೆಲವರು ಕ್ವಿನೈನ್ ಬೇಡ ಅಂದು ಮಲೇರಿಯಾದಲ್ಲಿ ತೀರಿಕೊಂಡರು. ಅವರ ಭಕ್ತಿಯನ್ನು ನಾನು ಹಗುರ ಮಾಡೋದಿಲ್ಲ. ಆದರೆ ವಾಕ್ಯ ಅಷ್ಟನ್ನು ಅವರಿಂದ ಕೇಳಿರಲಿಲ್ಲ ಅಂತ ನನ್ನ ತಿಳುವಳಿಕೆ. ಪೌಲನ ಮೈಮೇಲಿನ ವಸ್ತ್ರ ಮುಟ್ಟಿಸಿದರೂ ರೋಗಗಳು ಬಿಟ್ಟುಹೋದವು ಎಂದು ಅಪೊಸ್ತಲರ ಕೃತ್ಯಗಳು 19ರಲ್ಲಿ ಇದೆ. ಅದೇ ಪೌಲನು ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟುಬಂದೆ ಎಂದು 2 ತಿಮೊಥೆ 4:20ರಲ್ಲಿ ಬರೆಯುತ್ತಾನೆ. ತ್ರೊಫಿಮನ ನಂಬಿಕೆ ಸಾಲದಾಯ್ತು ಎಂಬ ಒಂದು ಮಾತೂ ಅಲ್ಲಿಲ್ಲ.

ಮೈ ಗುಣವಾಗುವುದಕ್ಕೆ ಒಂದು ಕ್ರಮ ಇದೆ. ಮೊದಲು ರಕ್ತ ಹೆಪ್ಪುಗಟ್ಟುತ್ತೆ. ನಂತರ ಕೆಲವು ದಿನ ಕೆಂಪು, ಬಿಸಿ, ಊತ. ಇದು ಮೈ ತಾನೇ ಶುಚಿಮಾಡಿಕೊಳ್ಳುವ ಕೆಲಸ. (ದಿನ ಕಳೆದಂತೆ ಕೆಂಪು ಹರಡುತ್ತಾ ಹೋದರೆ, ಕೀವು ಬಂದರೆ ಡಾಕ್ಟರ್ ಹತ್ತಿರ ಹೋಗಿ.) ಆಮೇಲೆ ಎರಡು-ಮೂರು ವಾರ ಹೊಸ ಅಂಗಾಂಶ ಬೆಳೆಯುತ್ತೆ. ಆಳವಾದ ಗಾಯವಾದರೆ ಒಳಗಿನ ಕೆಲಸ ಒಂದು ವರ್ಷ ನಡೆಯಬಹುದು. ಮೂರನೇ ವಾರದಲ್ಲಿ ಹೊರಗೆ ಮುಚ್ಚಿಕೊಂಡು ಚೆನ್ನಾಗಿ ಕಂಡರೂ ಆ ಜಾಗದ ಬಲ ಮೊದಲಿನ ಸುಮಾರು 20% ಮಾತ್ರ. ಪೂರ್ತಿ ಮಾಗಿದ ಮೇಲೂ 80%ರ ಆಸುಪಾಸು. ಇದನ್ನು ಓದಿದಾಗ ನನಗೆ ಹಿಜ್ಕೀಯನ ಮೂರನೆಯ ದಿನ ನೆನಪಾಯ್ತು. ದೇವರು ಒಂದೇ ಕ್ಷಣದಲ್ಲಿ ಗುಣಮಾಡಿದ್ದನ್ನು ನಾನು ಕಂಡಿದ್ದೇನೆ, ಆ ನಂಬಿಕೆಯಿಂದ ಹಿಂದೆ ಸರಿಯೋದಿಲ್ಲ. ಆದರೆ ದೇವರು ಮೂರು ದಿನ ಅಂದಲ್ಲಿ ನಾವು ಮೂರು ನಿಮಿಷದ ಸಾಕ್ಷಿ ಕೇಳಬಾರದು.

ಹಾಗಾಗಿ ಆ ತಮ್ಮನಿಗೆ ಹೇಳಿದ್ದು: ನೀನು ಸುಳ್ಳು ಹೇಳಲಿಲ್ಲ. ಪ್ರಾರ್ಥನೆಯಲ್ಲಿ ನೋವು ಇಳಿದದ್ದು ನಿಜ, ಮೂಳೆ ಬಿರಿದದ್ದೂ ನಿಜ. ಎರಡನ್ನೂ ಹೇಳು. ಅವನು ಪ್ಲಾಸ್ಟರ್ ಹಾಕಿದ ಕೈಯಲ್ಲೇ ಬಂದು ನಿಂತು ಹೇಳಿದ. ಆ ದಿನ ಚಪ್ಪಾಳೆ ಇರಲಿಲ್ಲ. ಕೂಟ ಮುಗಿದ ಮೇಲೆ ಇಬ್ಬರು ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ನನ್ನ ಹೆಂಡತಿಯ ಹತ್ತಿರ ಬಂದರು. ಇಬ್ಬರೂ ಮುಚ್ಚಿಟ್ಟುಕೊಂಡಿದ್ದ ಕಾಯಿಲೆಗಳಿದ್ದವು, ಒಬ್ಬಳು ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದಳು. ಈಗ ಇಬ್ಬರೂ ಚಿಕಿತ್ಸೆಯಲ್ಲಿದ್ದಾರೆ, ಅವರಿಗಾಗಿ ಪ್ರಾರ್ಥನೆಯೂ ನಡೀತಾ ಇದೆ.

ಇಂದಿನಿಂದ ನಮ್ಮ ಕೂಟದಲ್ಲಿ ಸಾಕ್ಷಿ ಸಮಯದಲ್ಲಿ "ಇನ್ನೂ ನೋವಿದೆ, ಪ್ರಾರ್ಥಿಸಿ" ಅಂತ ಹೇಳುವುದಕ್ಕೂ ಮೈಕ್ ಸಿಗುತ್ತೆ. ಬಿದ್ದವರಿಗೆ ನಂಬಿಕೆ ಇಲ್ವಾ ಅಂತ ಕೇಳೋ ಬದಲು ಊಟ ತಗೊಂಡು ಹೋಗಿ. ಬಲಗೈಗೆ ಪಟ್ಟಿ ಇದ್ದವರು ಪಿಜಿಯಲ್ಲಿ ಬಟ್ಟೆ ಹಿಂಡೋದು ಹೇಗೆ ಅಂತ ಯೋಚನೆ ಮಾಡಿದ್ದೀರಾ?

ಕೊನೆಗೆ, ಕೂಟದ ನಂತರ ಬಂದ ಒಂದು ಪ್ರಶ್ನೆ: ಮತ್ತೆ ಸೈಕಲ್ ಯಾವಾಗ? ಉಳುಕಿಗೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನೋವಿನ ಮಿತಿಯಲ್ಲಿ ನಿಧಾನ ಚಲನೆ ಒಳ್ಳೆಯದು. ವಾರಗಟ್ಟಲೆ ಅಲ್ಲಾಡದೆ ಮಲಗೋದು ಬೇಡ. ಐಸ್, ವಿಶ್ರಾಂತಿ ಅಂತ 1978ರಲ್ಲಿ ಸೂತ್ರ ಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಆಮೇಲೆ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ಐಸ್ ನೋವು ಇಳಿಸುತ್ತೆ, ಆದರೆ ಅತಿಯಾದರೆ ಗುಣವಾಗುವುದು ತಡ ಆಗಬಹುದು ಅಂದರು. ಎರಡೂ ಕೈಯಿಂದ ಬ್ರೇಕ್ ಗಟ್ಟಿಯಾಗಿ ಹಿಡಿದಾಗ ನೋವಿಲ್ಲ, ಮಂಡಿ ಪೂರ್ತಿ ಮಡಚುತ್ತೆ ಅಂದ ಮೇಲೆ ಹತ್ತಿ, ಮೊದಲು ಊರೊಳಗೇ ಸ್ವಲ್ಪ ದೂರ. ತಲೆಗೆ ಪೆಟ್ಟಾಗಿದ್ದರೆ ಡಾಕ್ಟರ್ ಹೇಳುವ ತನಕ ಬೇಡ. ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ, ಒಳಗಿನ ಥರ್ಮೊಕೋಲ್ ಒಂದು ಪೆಟ್ಟಿಗಷ್ಟೇ ಇರೋದು. ಹ್ಯಾಂಡಲ್, ಮುಂದಿನ ಫೋರ್ಕ್, ಬ್ರೇಕ್ ಅಂಗಡಿಯಲ್ಲಿ ತೋರಿಸಿ.

ಮುಂದಿನ ವಾರ ಫಿಲಿಪ್ಪಿ 2:25-30 ಓದಿಕೊಂಡು ಬನ್ನಿ. ಕಾಯಿಲೆ ಬಿದ್ದ ಸುದ್ದಿ ಊರಿಗೆ ಮುಟ್ಟಿತಲ್ಲ ಅಂತಲೇ ಕಳವಳಪಟ್ಟ ಎಪಫ್ರೊದೀತನ ಬಗ್ಗೆ ಮಾತಾಡೋಣ. ಬರುವಾಗ ಕೊನೆಯ ಟಿಡಿ ಇಂಜೆಕ್ಷನ್ ತಗೊಂಡ ವರ್ಷವನ್ನೂ ಬರೆದುಕೊಂಡು ಬನ್ನಿ, ನರ್ಸ್ ಅಕ್ಕ ಕೇಳ್ತಾರೆ.